ಕಿರ್ರೆನ್ನುವ ಮರವನ್ನು ನಂಬಿದ ಮೇಸ್ತ್ರಿ

ಈಗೀಗ ಬಂಗಾರಪೇಟೆಯಲ್ಲಿ ಯಾರು ಭಾಷಣಕ್ಕೆ ನಿಂತರೂ ಪ್ರಜಾಪ್ರಭುತ್ವ ಒಂದು ಸಸಿ ಎನ್ನುತ್ತಾರೆ. ನೀರೆರೆಯಿರಿ, ಬೇಲಿ ಕಟ್ಟಿರಿ, ನಿಮ್ಮ ಮೊಮ್ಮಕ್ಕಳು ಹಣ್ಣು ತಿನ್ನುತ್ತಾರೆ ಎನ್ನುತ್ತಾರೆ. ಕಳೆದ ತಿಂಗಳು ಸ್ಟೇಷನ್ ಎದುರಿನ ಬಯಲಲ್ಲಿ ಒಬ್ಬರು ಸಸಿಯನ್ನು ಬಿಟ್ಟು ಎಳೆಗೂಸು ಅಂದರು, ಅವರ ಹಿಂದೆ ಬಂದವರು ನಂದಾದೀಪ ಅಂದರು. ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನನ್ನ ಪಕ್ಕದಲ್ಲಿ ನಮ್ಮ ಮೇಸ್ತ್ರಿ ಕೂತಿದ್ದರೆ ಖಂಡಿತ ತಟ್ಟುತ್ತಿರಲಿಲ್ಲ. ಬೀಡಿ ಹಚ್ಚಿಕೊಂಡು ಎದ್ದು ಹೋಗಿ, ಭಾಷಣಕ್ಕೆ ಹಾಕಿದ ಚಪ್ಪರದ ಕಂಬಕ್ಕೆ ಅಂಗೈ ಒತ್ತಿ, ಸಂಜೆಯವರೆಗೆ ನಿಲ್ಲುತ್ತದೋ ಇಲ್ಲವೋ ಎಂದು ನೋಡಿಕೊಂಡು ಬರುತ್ತಿದ್ದರು.

ಅವರು ಹೋದ ಮಾರ್ಗಶಿರದಲ್ಲಿ ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಜಗಲಿಯ ಕಂಬಕ್ಕೆ ಒರಗಿದವರು ಹಾಗೇ ಹೋದರು. ಅಳು ಬಂತು, ಇಲ್ಲವೆನ್ನುವುದಿಲ್ಲ. ಆದರೆ ಅಳುವಿನ ಜೊತೆಗೆ ಒಂದು ನೆಮ್ಮದಿಯೂ ಇತ್ತು. ಅವರಿಗೆ ಹೇಳಬೇಕಾದ ಮಾತನ್ನು ನಾನು ಅವರು ಬದುಕಿರುವಾಗಲೇ ಹೇಳಿದ್ದೆ. ಒಂದಲ್ಲ, ಎರಡು ಸಲ. ಎರಡು ಸಲವೂ ಹೇಳದೆ ಉಳಿದುಬಿಡುವವನಿದ್ದೆ.

ನಮ್ಮದು ಬಂಗಾರಪೇಟೆಯಿಂದ ಒಂದೂವರೆ ಮೈಲಿ ಆಚೆಗಿನ ಹಳ್ಳಿ. ದಿನ ಬೆಳಗಾದರೆ ಊರಿನ ಹತ್ತಿಪ್ಪತ್ತು ಜನ ಬುತ್ತಿ ಕಟ್ಟಿಕೊಂಡು ಮಾರಿಕುಪ್ಪಂ ರೈಲು ಹತ್ತಿ ಚಿನ್ನದ ಗಣಿಗೆ ಹೋಗುತ್ತಿದ್ದೆವು. ನಮ್ಮ ಮೇಸ್ತ್ರಿಯೂ ಅದೇ ಊರಿನವರು, ಗಣಿಯೊಳಗೆ ಮರದ ಮೇಸ್ತ್ರಿ. ಬಂಡೆ ಒಡೆದು ಸುರಂಗ ಮುಂದಕ್ಕೆ ಹೋದಂತೆಲ್ಲ ಮೇಲಿನ ಬಂಡೆ ಕುಸಿಯದ ಹಾಗೆ ಎರಡು ಕಡೆ ಕಂಬ ನಿಲ್ಲಿಸಿ, ಅಡ್ಡಕ್ಕೆ ತೊಲೆ ಕೊಟ್ಟು, ಸಂದಿಗೆ ಬೆಣೆ ಹೊಡೆಯುವ ಕೆಲಸ. ಅವರ ಕೈಕೆಳಗೆ ಐದು ಜನ, ಅವರಲ್ಲಿ ನಾನೊಬ್ಬ. ಮದುವೆಯಾದ ಹೊಸತರಲ್ಲಿ ಸೇರಿದವನು, ನಾಲ್ಕು ವರ್ಷ ಅವರ ಜೊತೆ ಇಳಿದು ಹತ್ತಿದೆ. ಈಗ ಸ್ಟೇಷನ್ ಹತ್ತಿರ ಸೌದೆ ಡಿಪೋ ಇಟ್ಟುಕೊಂಡು ಕೂತಿದ್ದೇನೆ. ಮರದ ಋಣ ಹರಿಯಲಿಲ್ಲ.

ಕುಳ್ಳು ಮನುಷ್ಯ, ಅಗಲ ಭುಜ, ಅಂಗೈ ಮಾತ್ರ ಮೊರದಷ್ಟು. ಕಂಬ ಕಂಡಲ್ಲಿ ಮುಟ್ಟುವುದು ಅವರ ಚಾಳಿ. ಗುಡಿಗೆ ಹೋದರೆ ದೇವರಿಗಿಂತ ಮೊದಲು ಮಂಟಪದ ಕಂಬಕ್ಕೆ ಕೈ. ಒಮ್ಮೆ ಹೆಂಡತಿಯ ತಮ್ಮನಿಗೆ ಹೆಣ್ಣು ನೋಡಲು ಹೋದವರು, ಹುಡುಗಿ ಹೊರಗೆ ಬರುವ ಮುಂಚೆಯೇ ಪಡಸಾಲೆಯ ಕಂಬ ಒತ್ತಿ ನೋಡಿ, "ಇದಕ್ಕೆ ಗೆದ್ಲು ಇಡ್ದದೆ, ಮೊದ್ಲು ಮಕ್ಕಳನ್ನ ಈ ಕಡೆ ಕೂರಿಸ್ರಪ್ಪ" ಅಂದುಬಿಟ್ಟರು. ಹೆಣ್ಣಿನ ಕಡೆಯವರ ಮುಖ ಊದಿಕೊಂಡಿತು, ಸಂಬಂಧ ಮುರಿಯುವುದರಲ್ಲಿತ್ತು. ಮರುವಾರ ಆ ಕಂಬ ಬಿಚ್ಚಿಸಿ ನೋಡಿದರೆ ಒಳಗೆ ಬರೀ ಮಣ್ಣು. ಹೆಣ್ಣಿನ ತಂದೆ ತಾನೇ ನಡೆದು ಬಂದು ತಾಂಬೂಲ ಕೊಟ್ಟು ಹೋದ.

ಗಣಿಯ ದೊರೆಯೊಬ್ಬ ಒಮ್ಮೆ ಕಬ್ಬಿಣದ ಕಂಬ ತರಿಸಿದ. ಮರ ಕೊಳೆಯುತ್ತದೆ, ಇದು ಕೊಳೆಯುವುದಿಲ್ಲ ಎಂದು ಅವನ ಲೆಕ್ಕ. ಮೇಸ್ತ್ರಿ ಅದನ್ನು ತಟ್ಟಿ ನೋಡಿ ಬದಿಗೆ ಸರಿಸಿದರು. ನಾನು ಯಾಕೆ ಎಂದು ಕೇಳಿದೆ.

"ಕಬ್ಬಿಣ ದೊಡ್ಡ ಮನುಷ್ಯ ಕಣ್ಲಾ. ಎಷ್ಟು ಬಾರ ಬಿದ್ರೂ ಬಾಯಿ ಬಿಡಲ್ಲ. ಬಿಡೋ ಒತ್ಗೆ ಕೆಳಗೆ ನೀನೇ ಇರಲ್ಲ. ಮರ ಅಂಗಲ್ಲ. ಬಾರ ತಡೀಲಾರ್ದೆ ಇದ್ರೆ ಕಿರ್ ಅಂತದೆ, ಅಳ್ತದೆ, ಬಯ್ತದೆ. ಬಯ್ಯೋ ಮರದ ಕೆಳಗೆ ದೈರ್ಯವಾಗಿ ನಿಂತ್ಕೋ. ಓಡೋಕೆ ಟೈಮ್ ಕೊಡ್ತದೆ."

ನಿಜವಾಗಿಯೂ ಮರ ಮಾತಾಡುತ್ತದೆ. ಬಂಡೆಯ ಭಾರ ಏರಿದಾಗ ಮೊದಲು ಸಣ್ಣಗೆ ಕಿರುಗುಟ್ಟುತ್ತದೆ, ಆಮೇಲೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ. ಅದನ್ನು ಕೇಳಿ ತಿಳಿಯುವವನೇ ಮೇಸ್ತ್ರಿ. ಅದಕ್ಕಾಗಿ ನಮ್ಮಲ್ಲಿ ಒಂದು ಕಟ್ಟುಪಾಡಿತ್ತು. ಮೇಸ್ತ್ರಿ ಕಂಬಕ್ಕೆ ಕಿವಿಗೊಟ್ಟು ಕೈಯೆತ್ತಿದರೆ ಯಾರೂ ಉಸಿರೆತ್ತಬಾರದು. ಕೆಮ್ಮು ಬಂದರೆ ಟವೆಲ್ಲು ಬಾಯಿಗೆ ತುರುಕಿಕೊಳ್ಳಬೇಕು. ಅವರು ಸರಿ ಅಂದರೆ ಸರಿ, ಓಡಿ ಅಂದರೆ ಓಡಬೇಕು, ಅದರ ಮೇಲೆ ಮಾತಿಲ್ಲ. ಇಪ್ಪತ್ತು ವರ್ಷದಿಂದ ಹಾಗೇ ನಡೆದು ಬಂದಿತ್ತು, ಅವರ ಗುಂಪಿನಲ್ಲಿ ಒಬ್ಬನಿಗೂ ಪೆಟ್ಟಾಗಿರಲಿಲ್ಲ.

ಕಷ್ಟ ಎಲ್ಲಿ ಬಂತೆಂದರೆ, ಇಪ್ಪತ್ತು ವರ್ಷದ ಮದ್ದಿನ ಸಿಡಿತಕ್ಕೆ ಅವರ ಕಿವಿಯೇ ಹೋಗುತ್ತಾ ಬಂತು. ಕಂಬಕ್ಕೆ ಕಿವಿಗೊಡುವ ಬದಲು ಅಂಗೈ ಒತ್ತುವುದನ್ನು ಶುರುಮಾಡಿದರು. ಮರದೊಳಗಿನ ನಡುಕ ಕೈಗೆ ತಿಳಿಯುತ್ತದಲ್ಲ, ಅದರಿಂದ ಸಾಗುತ್ತಿತ್ತು. ಹೊಸಬರು ಅದನ್ನು ನಮಸ್ಕಾರ ಎಂದುಕೊಂಡರು. ನಮ್ಮ ಐವರಿಗೂ ನಿಜ ಗೊತ್ತಿತ್ತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ, ರೈಲಿನ ಸಿಳ್ಳೆಗೂ ತಲೆಯೆತ್ತುತ್ತಿರಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು, ಸುಮ್ಮನಾಗುತ್ತಿದ್ದೆವು. ಅಂಥ ಮನುಷ್ಯನಿಗೆ ನಿಮಗೆ ಕಿವಿ ಕೇಳುವುದಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ಅವತ್ತು ಪಕ್ಕದ ಸುರಂಗದಲ್ಲಿ ಯಂತ್ರದಿಂದ ಬಂಡೆ ಕೊರೆಯುತ್ತಿದ್ದರು. ಇಡೀ ನೆಲ ಗಡಗಡ ಅನ್ನುತ್ತಿತ್ತು. ನಾವು ಕೊಳೆತ ಕಂಬವೊಂದನ್ನು ಬದಲಿಸಬೇಕಿತ್ತು. ಮೇಸ್ತ್ರಿ ಕೊರೆಯುವವರಿಗೆ ಹೇಳಿಕಳಿಸಿ ಒಂದು ಗಳಿಗೆ ನಿಲ್ಲಿಸಿದರು, ಕೈಯೆತ್ತಿದರು. ನಾವು ಉಸಿರು ಹಿಡಿದೆವು. ಅವರು ಅಂಗೈ ಒತ್ತಿದ್ದು ನಮ್ಮ ಎದುರಿನ ಕಂಬಕ್ಕೆ. ಸದ್ದು ಬಂದದ್ದು ನನ್ನ ಬೆನ್ನ ಹಿಂದಿನ ಕಂಬದಿಂದ. ಕಿರ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಕಿರ್ರ್ ಎಂದಿತು. ಗಣಿಯವರು ಕೂಲಿಗಳಿಗೆ ಕಟ್ಟಿಸಿದ ಲೈನ್ ಮನೆಗಳಿಂದ ಬರುತ್ತಿದ್ದ ಮುನುಸಾಮಿ, ನಮ್ಮಲ್ಲೆಲ್ಲ ಹಿರಿಯ, ಕಣ್ಣರಳಿಸಿ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಬ್ಬರಿಗೂ ಕೇಳಿಸಿತ್ತು.

ಮೇಸ್ತ್ರಿ ಕೈ ಇಳಿಸಿ, "ಸರಿಯಾಗದೆ. ಬೆಣೆ ಒಡೀರಿ" ಅಂದರು.

ಮುನುಸಾಮಿ ಸುತ್ತಿಗೆ ಎತ್ತಿಕೊಂಡ! ನಾನೂ ಬೆಣೆ ಹಿಡಿಯಲು ಬಗ್ಗಿದೆ. ತಲೆಯ ಮೇಲೆ ಬಂಡೆ ಜಾರುತ್ತಿರುವುದು ಗೊತ್ತಿದ್ದೂ, ಮೇಸ್ತ್ರಿ ಸರಿ ಅಂದಮೇಲೆ ನಾವ್ಯಾರು ಎಂದು ಬಗ್ಗಿದೆವು. ಮೂರನೆಯ ಸಲ ಕಿರ್ರೆಂದಾಗ ಹೆಂಡತಿಯ ಮುಖ ಕಣ್ಣ ಮುಂದೆ ಬಂತು. "ಮೇಸ್ತ್ರಿ, ಆಚೆಗೆ!" ಎಂದು ಅರಚಿದೆ. ಅವರಿಗೆ ಕೇಳಿಸಲಿಲ್ಲ. ಸೊಂಟದ ಪಟ್ಟಿಗೆ ಕೈ ಹಾಕಿ ದರದರ ಎಳೆದುಕೊಂಡು ಓಡಿದೆ. ಉಳಿದವರೂ ಓಡಿ ಬಂದರು. ಇಪ್ಪತ್ತು ಹೆಜ್ಜೆ ಓಡಿರಬೇಕು, ಹಿಂದೆ ಸುರಂಗವೇ ಬಾಯಿ ಮುಚ್ಚಿಕೊಂಡಿತು.

ಗಾಳಿಯ ಹೊಡೆತಕ್ಕೆ ದೀಪಗಳೆಲ್ಲ ಆರಿದವು. ಬಾಯಿತುಂಬ ಧೂಳು. ಆ ಕತ್ತಲಲ್ಲಿ ದೊಡ್ಡ ಅಂಗೈಯೊಂದು ನನ್ನ ತಲೆ ಮುಟ್ಟಿತು, ಆಮೇಲೆ ಪಕ್ಕದವನ ತಲೆ ಮುಟ್ಟಿತು. "ಎಲ್ಲಾ ಬಂದ್ರಾ? ಎಲ್ಲಾ ಬಂದ್ರಾ?" ಎಂದು ಕೇಳುತ್ತಲೇ ಅವರು ಒಬ್ಬೊಬ್ಬರನ್ನೇ ಮುಟ್ಟಿ ಎಣಿಸಿದರು. ಐದೂ ತಲೆ ಸಿಕ್ಕಿದ ಮೇಲೆ ಕುಸಿದು ಕೂತರು. ಮುನುಸಾಮಿ, "ಎಲ್ಲಾರುಂ ಇರುಕ್ಕೋಂ ಮೇಸ್ತ್ರಿ, ಎಲ್ಲಾರುಂ ಇರುಕ್ಕೋಂ" ಎಂದು ತನ್ನ ತಮಿಳಿನಲ್ಲಿ ಹೇಳುತ್ತಾ ಅಳುತ್ತಿದ್ದ. ನಾವೆಲ್ಲ ಇದ್ದೆವು. ಅಷ್ಟು ಹಗುರಾದ ಗಳಿಗೆಯನ್ನು ನಾನು ಜೀವನದಲ್ಲಿ ಮತ್ತೆ ಕಂಡಿಲ್ಲ.

ಮೇಲಕ್ಕೆ ಬಂದು ಬಿಸಿಲಿಗೆ ಕೂತಾಗ ನನಗೆ ಕಪಾಳಮೋಕ್ಷ ಆಗುತ್ತದೆಂದು ಕಾದೆ. ಮೇಸ್ತ್ರಿಯ ಸೊಂಟಕ್ಕೆ ಕೈ ಹಾಕಿದವನಲ್ಲವೇ. ಅವರು ನನ್ನ ತುಟಿಯನ್ನೇ ನೋಡುತ್ತಾ ಕೇಳಿದರು.

"ನಂಗೆ ಕಿವಿ ಕೇಳಲ್ಲ ಅಂತ ನಿಮ್ಗೆ ಎಷ್ಟು ದಿನದಿಂದ ಗೊತ್ತು?"

"ಆರು ತಿಂಗ್ಳು ಮೇಸ್ತ್ರಿ."

"ಎಲ್ರಿಗೂ?"

"ಎಲ್ರಿಗೂ."

"ಮತ್ತೆ ಯಾಕ್ಲಾ ಏಳ್ಲಿಲ್ಲ?"

"ಮರ್ಯಾದೆ..." ಅಂದೆ.

ಅವರು ತಲೆಯ ಧೂಳು ಕೊಡವಿಕೊಂಡರು. ಆಮೇಲೆ, "ಮರಕ್ಕೆ ಮರ್ಯಾದೆ ಗೊತ್ತಿಲ್ಲ ಕಣ್ಲಾ, ಅದಕ್ಕೇ ಜೀವ ಉಳಿಸ್ತದೆ. ನೀವು ಐದೂ ಜನ ಕಬ್ಬಿಣದ ಕಂಬ ಆಗ್ಬುಟ್ರಲ್ಲೋ" ಅಂದರು. ಬೈದದ್ದು ಅಷ್ಟೇ. ಅದೇ ವಾರ ತಾವಾಗಿಯೇ ಆಫೀಸಿಗೆ ಹೋಗಿ ತಮಗೆ ಕಿವಿ ಕೇಳುವುದಿಲ್ಲ, ಇನ್ನು ಇಳಿಯುವುದಿಲ್ಲ ಎಂದು ಹೇಳಿ ಬಂದರು. ಬರುವಾಗ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಹೆಂಡತಿಗೆ ಒಂದು ಸೀರೆ, ನಮ್ಮ ಐವರಿಗೆ ಒಂದೊಂದು ಪೊಟ್ಟಣ ಮೈಸೂರುಪಾಕು ತಂದರು. ಕೆಲಸ ಹೋದವರು ಹಬ್ಬ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಮೇಲೆರಡು ವರ್ಷಕ್ಕೆ ನಮ್ಮ ಊರಿಗೆ ಪಂಚಾಯ್ತಿ ಬಂತು. ಅಮಲ್ದಾರರು ಚಾವಡಿಯಲ್ಲಿ ನಿಂತು ಭಾಷಣ ಮಾಡಿದರು. ಅವರೂ ಸಸಿಯ ಮಾತನ್ನೇ ತಂದರು. ಸಭೆ ಮುಗಿಸಿ ಮನೆಗೆ ನಡೆಯುತ್ತಾ ಮೇಸ್ತ್ರಿ ಗೊಣಗತೊಡಗಿದರು, ಜಗಲಿ ಹತ್ತುವವರೆಗೂ ಬಿಡಲಿಲ್ಲ.

"ಸಸಿ ಅಂತೆ. ಸಸಿ ನೆಟ್ಟು ಮಲಕ್ಕಂಡ್ರೂ ಮಳೆ ಬಂದ್ರೆ ಬೆಳೀತದೆ. ಇದು ಅಂಗ್ ಬೆಳೆಯೋದಲ್ಲ. ಒಂದು ಗಜ ತೋಡು, ಒಂದು ಜೊತೆ ಕಂಬ ನಿಲ್ಸು. ಇನ್ನೊಂದು ಗಜ ತೋಡು, ಇನ್ನೊಂದು ಜೊತೆ ನಿಲ್ಸು. ಕಂಬ ಇಲ್ದೆ ಮುಂದಕ್ಕೋದ್ರೆ ಬಂಡೆ ತಲೆ ಮೇಲೆ."

ಅವರ ಮನೆಯಾಕೆ, ನಾನು ಅತ್ತೆ ಎನ್ನುತ್ತಿದ್ದೆ, ಜಗಲಿಯ ಮೇಲೆ ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಗಂಡನಿಗೆ ಕಾಣುವ ಹಾಗೆ ಮುಖವೆತ್ತಿ ಹೇಳಿದರು. "ನಿಮ್ದು ಬರೀ ಕಂಬದ ಮಾತಾಯ್ತು. ನನ್ನ ಕೇಳಿದ್ರೆ ಇದು ಮೊಸರಿದ್ದಂಗೆ. ಅಳೇ ಮೊಸ್ರು ಒಂದು ತೊಟ್ಟು ಬೇಕು, ಒಂದಿಷ್ಟು ಬೆಚ್ಚಗಿರಬೇಕು, ಆಮೇಲೆ ಯಾರೂ ಅಲ್ಲಾಡಿಸ್ಬಾರ್ದು."

"ಉಳಿ ಆದ್ರೆ ಯಾರು ಏಳ್ಬೇಕು?"

"ತಿಂದೋರು ಏಳ್ಬೇಕು."

"ಅದನ್ನೇ ಅಲ್ವೇನೇ ನಾನೂ ಏಳ್ತಿರೋದು!"

"ಸರಿ, ನಿಮ್ಮ ಕಂಬಕ್ಕೇ ಉಳ ಇಡಿದ್ರೆ?"

"ಒಸದು ಪಕ್ಕದಲ್ಲಿ ನಿಲ್ಸಿ, ಬಾರ ಅದಕ್ಕೆ ಕೊಟ್ಟು, ಆಮೇಲೆ ಅಳೇದು ತೆಗೀಬೇಕು. ಮೊದ್ಲೇ ಅಳೇದಕ್ಕೆ ಸುತ್ಗೆ ಒಡ್ದೋನು ಮನೇಗೆ ಬರಲ್ಲ" ಅಂದರು ಮೇಸ್ತ್ರಿ.

ಮೇಸ್ತ್ರಿಯೂ ನಾನೂ ಸೇರಿ ಏಳು ಜನ ಮೆಂಬರುಗಳು ಆಯ್ಕೆಯಾದೆವು, ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದೆವು. ಅವರು ಮಾಡಿದ ಮೊದಲ ಕಾನೂನು ಊರಿಗೆಲ್ಲ ನಗೆಪಾಟಲಾಯಿತು. ಯಾವುದೇ ವಿಷಯಕ್ಕೆ ಒಬ್ಬರಾದರೂ ಬೇಡ ಅನ್ನದಿದ್ದರೆ ಎಲ್ಲರೂ ಎದ್ದು ಚಾವಡಿಯಿಂದ ಆಚೆಗೆ ಹೋಗಬೇಕು. ಹೊಂಗೆ ಮರದ ಕೆಳಗೆ ಒಂದು ಬೀಡಿ ಸೇದುವಷ್ಟು ಹೊತ್ತು ನಿಂತು, ಮತ್ತೆ ಒಳಗೆ ಬಂದು ಅದನ್ನೇ ಮೊದಲಿಂದ ಮಾತಾಡಬೇಕು. ಸದ್ದಿಲ್ಲದ ಕಡೆ ನಿಲ್ಲಬಾರದು ಎಂಬುದು ಅವರ ಗಣಿಯ ಬುದ್ಧಿ.

ಮೊದಮೊದಲು ಅದರಿಂದ ಒಳ್ಳೆಯದೇ ಆಯಿತು. ಒಳಗೆ ಬಾಯಿ ಬಿಡದವರು ಮರದ ಕೆಳಗೆ ಬಿಡುತ್ತಿದ್ದರು. ಕೆರೆಯ ತೂಬಿನ ಸರದಿ ಹಾಗೇ ಸರಿಯಾಯಿತು. ಆದರೆ ನಾಲ್ಕನೆಯ ವರ್ಷಕ್ಕೆ ನಾವು ಅದನ್ನೂ ಕೆಡಿಸಿದೆವು. ಆಚೆಗೆ ಹೋಗಿ ಬರುವುದೇ ಮೇಸ್ತ್ರಿಗೆ ಕೊಡುವ ಮರ್ಯಾದೆಯಾಯಿತು. ಎದ್ದು ಹೋಗುತ್ತಿದ್ದೆವು, ಬೀಡಿ ಸೇದುತ್ತಿದ್ದೆವು, ಒಳಗೆ ಬಂದು ತಲೆಯಾಡಿಸುತ್ತಿದ್ದೆವು. ಅಷ್ಟು ಹೊತ್ತಿಗೆ ಅವರ ಕಿವಿ ಪೂರ್ತಿ ಹೋಗಿತ್ತು.

ಆಗ ಬಂದದ್ದು ಕುಡಿಯುವ ನೀರಿನ ಬಾವಿಯ ವಿಷಯ. ಬಂಡೆಯ ಗುಣ ಬಲ್ಲ ಮೇಸ್ತ್ರಿ ಊರೆಲ್ಲ ತಿರುಗಿ ಮೇಲಿನ ಬೀದಿಯ ತುದಿಯಲ್ಲಿ ಜಾಗ ಗುರುತು ಮಾಡಿದರು. ನೀರು ಚೆನ್ನಾಗಿ ಸಿಗುವ ಜಾಗವೇ. ಆದರೆ ಅಲ್ಲಿಗೆ ಹೋಗಲು ಪಟೇಲರ ಅಂಗಳ ದಾಟಬೇಕು. ಕೆಳಗಿನ ಬೀದಿಯ ಕೂಲಿ ಜನರನ್ನು ಆ ಅಂಗಳಕ್ಕೆ ಕಾಲಿಡಲು ಯಾರು ಬಿಡುತ್ತಾರೆ? ಆ ಬೀದಿಯ ಮೆಂಬರು ನಾರೆಪ್ಪ ಸಭೆಯಲ್ಲಿ ತಲೆ ತಗ್ಗಿಸಿ, "ನಮ್ ಎಣ್ಮಕ್ಕಳಿಗೆ ಆ ನೀರು ದಕ್ಕಲ್ಲ ಸ್ವಾಮಿ" ಎಂದು ಗೊಣಗಿದ. ಮೇಸ್ತ್ರಿ ಅವನ ತಲೆ ಆಡಿದ್ದನ್ನು ಕಂಡರು, ಒಪ್ಪಿದ ಎಂದುಕೊಂಡರು. ನಾನು ಎರಡು ಮೊಳ ದೂರದಲ್ಲಿ ಕೂತಿದ್ದೆ. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಸುಮ್ಮನಿದ್ದೆ.

ಮನೆಗೆ ಬಂದರೆ ಹೆಂಡತಿ ಅನ್ನ ಬಡಿಸುತ್ತಾ, "ಕೆಳಗಿನ ಬೀದಿಯೋರು ಮತ್ತೆ ಕೆರೆ ನೀರೇ ಕುಡೀಬೇಕಂತೆ. ನೀವು ಅಲ್ಲಿ ಕೂತು ಏನ್ ಮಾಡ್ತೀರಿ?" ಅಂದಳು. ಸೋಮವಾರ ಅಗೆತ ಶುರುವಾಗಬೇಕು. ಒಮ್ಮೆ ತೋಡಿದ ಬಾವಿಯನ್ನು ಯಾರೂ ಎತ್ತಿ ಇನ್ನೊಂದು ಕಡೆ ಇಡುವುದಿಲ್ಲ.

ಅಗೆತದ ಹಿಂದಿನ ದಿನ, ಭಾನುವಾರ, ಕೊನೆಯ ಸಭೆ. ಮೇಸ್ತ್ರಿ, "ಬೇಡ ಅನ್ನೋರು ಕೈ ಎತ್ರಿ" ಅಂದರು. ಒಂದು ಕೈಯೂ ಏಳಲಿಲ್ಲ. ನಾರೆಪ್ಪ ನೆಲ ನೋಡುತ್ತಿದ್ದ. "ಎದ್ದೇಳ್ರಿ, ಎಲ್ಲಾ ಆಚೆಗೆ" ಅಂದರು. ವಾಡಿಕೆಯಂತೆ ಹೊಂಗೆ ಮರದ ಕೆಳಗೆ ಬಂದೆವು, ವಾಡಿಕೆಯಂತೆ ಬೀಡಿಗಳು ಹೊರಬಂದವು. ಅವತ್ತು ಅವರು ಮಾತ್ರ ಬೀಡಿ ಹಚ್ಚಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಬಂದರು. ನನ್ನ ಹಿಂದೆ ಬಂದು ನಿಂತು, ಬೆನ್ನಿಗೆ ಅಂಗೈ ಒತ್ತಿದರು. ಗಣಿಯಲ್ಲಿ ಕಂಬಕ್ಕೆ ಒತ್ತುತ್ತಿದ್ದರಲ್ಲ, ಹಾಗೇ.

ನನ್ನ ಎದೆ ದಬದಬ ಹೊಡೆದುಕೊಳ್ಳುತ್ತಿತ್ತು.

"ಇದು ಮಾತಾಡ್ತಾ ಅದೆ" ಅಂದರು. ನನ್ನನ್ನು ಭುಜ ಹಿಡಿದು ತಿರುಗಿಸಿ, ತುಟಿ ಕಾಣುವಂತೆ ನಿಲ್ಲಿಸಿದರು. "ಏಳ್ಲಾ. ಇನ್ನೊಂದ್ಸಲ ನನ್ನ ಸೊಂಟಕ್ಕೆ ಕೈ ಆಕ್ದೆ ಬಾಯಲ್ಲೇ ಏಳು."

ಹೇಳಿದೆ. ಬಾವಿ ಮೇಲಿನ ಬೀದಿಗೆ ಬೇಡ, ನಡುವಿನ ಬಯಲಿಗೆ ಬರಲಿ ಅಂದೆ. ನಾರೆಪ್ಪ ಹೇಳಿದ್ದು ನಿಮಗೆ ಕೇಳಿಸಲಿಲ್ಲ, ನನಗೆ ಕೇಳಿಸಿತ್ತು, ನಾನು ಬಾಯಿ ಮುಚ್ಚಿಕೊಂಡಿದ್ದೆ ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮೇಸ್ತ್ರಿ, ನಿಮಗೆ ಯಾರ ಮಾತೂ ಕೇಳಿಸ್ತಾ ಇಲ್ಲ. ನೀವು ಆ ಕುರ್ಚಿ ಬಿಡಬೇಕು" ಅಂದುಬಿಟ್ಟೆ. ಹೇಳುವಾಗ ಅಳುತ್ತಿದ್ದೆ.

ಆಮೇಲೆ ನಾರೆಪ್ಪ ತಲೆಯೆತ್ತಿದ. ಈ ಸಲ ಅವರ ಮುಖಕ್ಕೇ ಹೇಳಿದ. ಅವನ ಹಿಂದೆ ಇನ್ನೊಬ್ಬ ತೂಬಿನ ಹಳೇ ಜಗಳ ತೆಗೆದ. ಮೇಲಿನ ಬೀದಿಯವರಿಬ್ಬರು ಬಾವಿ ಅಲ್ಲೇ ಇರಲಿ ಎಂದು ದನಿಯೇರಿಸಿದರು. ಐದು ನಿಮಿಷದಲ್ಲಿ ಆರೂ ಜನ ಕೈಕೈ ಬೀಸಿ ಕೂಗಾಡುತ್ತಿದ್ದೆವು, ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ಬಾವಿ ನಡುವಿನ ಬಯಲಿಗೇ ಬಂತು. ನೀರು ಸಿಗಲು ಎರಡಾಳುದ್ದ ಹೆಚ್ಚು ಆಳ ತೋಡಬೇಕಾಯಿತು, ಆದರೂ ಸಿಕ್ಕಿತು. ಮೇಲಿನ ಬೀದಿಯವರಿಬ್ಬರು ಮೂರು ತಿಂಗಳು ಸಭೆಗೆ ಬರಲಿಲ್ಲ, ಬಂದಮೇಲೂ ಗೊಣಗುತ್ತಿದ್ದರು. ಗೊಣಗಲಿ ಬಿಡು ಅಂದರು ಮೇಸ್ತ್ರಿ. ತಮ್ಮ ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಹಾಕಿಸಿ ನಾರೆಪ್ಪನನ್ನು ಕೂರಿಸಿಕೊಂಡು, ಒಂದು ವರ್ಷ ಅವನ ಕಿವಿಯಲ್ಲೇ ಊರಿನ ಮಾತು ಕೇಳಿದರು. ಆಮೇಲೆ ಚುನಾವಣೆಗೆ ನಿಲ್ಲಲಿಲ್ಲ. ಕುರ್ಚಿಗೆ ನಾರೆಪ್ಪ ಬಂದ, ಒಂದೇ ಒಂದು ಮತ ಹೆಚ್ಚಾಗಿ.

ಇದೆಲ್ಲ ಆಮೇಲಿನ ಮಾತು. ಅವತ್ತು ಆ ಗಲಾಟೆಯ ನಡುವೆ ಮೇಸ್ತ್ರಿ ನಿಂತಿದ್ದರು. ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ತಿರುಗಿಸುತ್ತಾ, ಕೇಳಿಸದ ಜಗಳವನ್ನು ನೋಡುತ್ತಿದ್ದರು. ಅವರಿಗೆ ಎಷ್ಟು ನೋವಾಗಿದೆಯೋ ಎಂದು ನಾನು ಹೆದರಿ ಮುಖ ನೋಡಿದೆ. ಅವರು ದೊಡ್ಡದಾಗಿ ಉಸಿರು ಬಿಟ್ಟರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಧೂಳು ಮೆತ್ತಿದವರು ಒರೆಸಿಕೊಳ್ಳುವ ಹಾಗೆ. ಆಮೇಲೆ ಒಬ್ಬೊಬ್ಬರ ತಲೆ ಮುಟ್ಟುತ್ತಾ ಬಂದರು.

"ಎಲ್ಲಾ ಬಂದ್ರಾ?" ಎಂದು ಕೇಳಿದರು.

"ಬಂದ್ವಿ ಮೇಸ್ತ್ರಿ" ಅಂದೆ. ಅವರಿಗೆ ಕೇಳಿಸಲಿಲ್ಲ. ನಾನು ಕೈ ಎತ್ತಿದೆ. ನಾರೆಪ್ಪ ಎತ್ತಿದ. ಮೇಲಿನ ಬೀದಿಯವರೂ, ಯಾಕೆಂದು ತಿಳಿಯದೆ, ಎತ್ತಿದರು. ಆರು ಕೈಗಳನ್ನು ಅವರು ಬೆರಳು ಮಡಿಸಿ ಎಣಿಸಿದರು, ಏಳನೆಯದಾಗಿ ತಮ್ಮ ಕೈ ಎತ್ತಿದರು.